ಪದ್ಮಿನಿಯ ಬ್ರೇಕ್ ಮಾಸ್ಟರ್: ಹಳೆಯದಕ್ಕೆ ಕಿಟ್ಟೋ, ಹೊಸ ಸಿಲಿಂಡರೋ?

ನಮ್ಮ ಪ್ರೀಮಿಯರ್ ಪದ್ಮಿನಿ ಕಾರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಸೋತರೆ ಪೆಡಲ್ ಮೆಲ್ಲಗೆ ತಳ ಹಿಡಿಯುತ್ತದೆ. ಕಾಸರಗೋಡಿನ ಬದಿಯಡ್ಕ–ಮುಳ್ಳೇರಿಯ ದಾರಿಯ ಏರಿಳಿತದಲ್ಲಿ ಅದರ ಜೊತೆ ಹುಡುಗಾಟ ಬೇಡ. ಹಳೆಯದಕ್ಕೆ ರಬ್ಬರ್ ಕಿಟ್ (ಒಳಗಿನ ರಬ್ಬರ್ ವಾಷರ್‌ಗಳ ಸೆಟ್ಟು) ಹಾಕಿಯೂ ಓಡಿಸಿದ್ದೇನೆ, ಮಂಗಳೂರಿನಿಂದ ಹೊಸದು ತಂದು ಕೂರಿಸಿಯೂ ಆಯಿತು.

ಕಿಟ್ ಅಗ್ಗ. ಅದಕ್ಕಿಂತ ಮುಖ್ಯ, ಅಳತೆ ಕೆಡುವುದಿಲ್ಲ: ಅದೇ ಬಾಡಿ, ಪೆಡಲಿನ ಒತ್ತಡವನ್ನು ಒಳಗಿನ ಪಿಸ್ಟನ್ನಿಗೆ ಮುಟ್ಟಿಸುವ ಅದೇ ಪುಶ್ ರಾಡ್. ಆದರೆ ಎಲ್ಲವೂ ಬೋರಿನ, ಅಂದರೆ ಸಿಲಿಂಡರಿನ ಒಳಗೋಡೆಯ, ಮೇಲೆ ನಿಂತಿದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಹೇಳುವುದೇ ಬೇಡ. ಆ ನೀರೇ ಬೋರಿನ ತಳದಲ್ಲಿ ತುಕ್ಕಿನ ಕುಳಿ ಕೊರೆಯುವುದು. ಸ್ಪಿರಿಟ್‌ನಲ್ಲಿ ತೊಳೆದು (ಪೆಟ್ರೋಲ್ ಬೇಡವೇ ಬೇಡ, ರಬ್ಬರ್ ಉಬ್ಬುತ್ತದೆ) ಬೆಳಕಿಗೆ ಹಿಡಿದು ಉಗುರಿನಿಂದ ಗೀರಿ ನೋಡಿ. ಕಲೆಯಾದರೆ ಸಣ್ಣ ಎಮರಿ ಕಾಗದ ಸಾಕು. ಉಗುರು ಸಿಕ್ಕಿಕೊಂಡರೆ ಕಿಟ್ಟಿನ ದುಡ್ಡು ದಂಡ. ನಮ್ಮದರಲ್ಲಿ ಸಿಕ್ಕಿತ್ತು. ಹೊಸ ವಾಷರ್ ಹಾಕಿದರೂ ಮಳೆಗಾಲ ಮುಗಿಯುವ ಮೊದಲೇ ಸಿಲಿಂಡರಿನ ಹಿಂದಿನ ರಬ್ಬರ್ ಬೂಟಿನಲ್ಲಿ ಎಣ್ಣೆ ಜಿನುಗಿತು.

ಕುಳಿಬಿದ್ದ ಬೋರಿನೊಳಗೆ ಸ್ಟೀಲ್ ಸ್ಲೀವ್ (ತೆಳು ಕೊಳವೆ) ಹಾಕಿಸುವ ದಾರಿಯೂ ಇದೆ. ಲೇತ್‌ನವರು ಎಣ್ಣೆಯ ತೂತಿನ ಅಂಚನ್ನು ನುಣುಪು ಮಾಡದಿದ್ದರೆ ಹೊಸ ವಾಷರನ್ನೇ ಅದು ಸೀಳುತ್ತದೆ. ಆ ಗೋಜಿಗೆ ನಾನು ಹೋಗಲಿಲ್ಲ.

ಹೊಸದರ ಬೋರು ಕನ್ನಡಿ. ತಲೆನೋವು ಬೇರೆ: ಪಿಸ್ಟನ್ನಿನಲ್ಲಿ ರಾಡ್ ಕೂರುವ ಗುಳಿ ಹಳೆಯದರಷ್ಟು ಆಳ ಇರಲಿಲ್ಲ. ಪೆಡಲಿನಿಂದ ಕಾಲು ತೆಗೆದರೂ ರಾಡ್ ಪಿಸ್ಟನ್ನನ್ನು ತುಸು ಒತ್ತಿಯೇ ಇರುತ್ತಿತ್ತು. ಹಾಗಾದರೆ ಎಣ್ಣೆ ಮರಳುವ ಸಣ್ಣ ತೂತು ಮುಚ್ಚಿಹೋಗುತ್ತದೆ. ಡ್ರಮ್ ಬಿಸಿಯಾದಂತೆ ಎಣ್ಣೆ ಹಿಗ್ಗಿ, ಹಿಂದೆ ಹೋಗಲು ದಾರಿಯಿಲ್ಲದೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ರಾಡಿನ ಲಾಕ್ ನಟ್ ಸಡಿಲಿಸಿ, ಉದ್ದ ತುಸು ಕಡಿಮೆ ಮಾಡಿ, ರಾಡಿಗೂ ಪಿಸ್ಟನ್ನಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಆಟ ಬಿಟ್ಟೆ. ಪರೀಕ್ಷೆ ಸುಲಭ: ಬ್ರೇಕ್ ಎಣ್ಣೆಯ ಟ್ಯಾಂಕಿನ ಮುಚ್ಚಳ ತೆಗೆದು ಯಾರಾದರೂ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಲಿ. ಎಣ್ಣೆ ಒಳಗಿಂದ ಸಣ್ಣಗೆ ಉಕ್ಕಿದರೆ ತೂತು ತೆರೆದಿದೆ. ಮುಖ ತೀರಾ ಹತ್ತಿರ ಬೇಡ. ಪೇಂಟಿನ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಹೊಯ್ಯಿರಿ.

ಸಿಲಿಂಡರ್ ಕೂರುವ ಮುಖದಲ್ಲಿದ್ದ ದಪ್ಪ ಬಣ್ಣವನ್ನೂ ಕೆರೆಯಬೇಕಾಯಿತು. ಸಿಲಿಂಡರ್ ಓರೆಯಾಗಿ ಕೂತರೆ ರಾಡ್ ಪಕ್ಕಕ್ಕೆ ತಳ್ಳಿ ಬೋರು ಒಂದೇ ಬದಿ ಸವೆಯುತ್ತದೆ. ಪೈಪಿನ ನಟ್ಟನ್ನು ಕೈಯಿಂದಲೇ ನಾಲ್ಕು ಸುತ್ತು ಹತ್ತಿಸಿ, ಆಮೇಲೆ ಬೋಲ್ಟುಗಳನ್ನು ಸರದಿಯಲ್ಲಿ ಬಿಗಿಯಿರಿ. ತಿರುಗಾಮುರುಗಾ ಮಾಡಿದರೆ ನಟ್ಟಿನ ಮರೆ (ಥ್ರೆಡ್) ಕೆಡುತ್ತದೆ.

ಪೈಪಿನೊಳಗೆ ಸೇರಿದ ಏರ್ ತೆಗೆಯುವ ಕೆಲಸ ಎರಡಕ್ಕೂ ಒಂದೇ, ಸಿಲಿಂಡರಿಗೆ ದೂರದ ಚಕ್ರ ಮೊದಲು.

ಬೋರು ನುಣುಪಿದ್ದರೆ ನಾನು ಕಿಟ್ಟಿನ ಪಕ್ಷ. ಕುಳಿಯಿದ್ದರೆ ಹೊಸದೇ ಸರಿ, ಅರ್ಧ ದಿನ ರಾಡಿಗೆಂದು ಎತ್ತಿಡಿ. ನಮ್ಮದು ಈಗ ಕುಂಬಳೆಗೆ ಹೋಗಿ ಬಂದರೂ ನಾಲ್ಕೂ ಡ್ರಮ್ ಕೈಯಿಟ್ಟು ನೋಡುವಷ್ಟೇ ಬೆಚ್ಚಗಿರುತ್ತವೆ.