ಕೆಟ್ಟ ಫ್ರಿಜ್ಜಿಗೆ ಯಾರನ್ನು ಕೇಳಬೇಕು: 1915, ಗ್ರಾಹಕ ಆಯೋಗ, ಹೆಚ್ಚುವರಿ ವಾರಂಟಿ, ಊರಿನ ಮೆಕ್ಯಾನಿಕ್

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಯ ಟಿವಿ, ವಾಷಿಂಗ್ ಮಷಿನ್ ಮತ್ತು ಫ್ರಿಜ್ ಒಂದಾದ ಮೇಲೊಂದರಂತೆ ಕೆಟ್ಟವು. ಒಂದೊಂದಕ್ಕೂ ಒಂದೊಂದು ದಾರಿ ಹಿಡಿಯಬೇಕಾಯಿತು. ಈಗ ಪರಿಚಯದವರು ಯಾರಾದರೂ ಇಂಥ ತೊಂದರೆ ಹೇಳಿಕೊಂಡರೆ ನಾನು ಮೊದಲು ಹೇಳುವುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಯನ್ನು. ಗ್ರಾಹಕರ ದೂರು ವಿಚಾರಿಸಿ ತೀರ್ಪು ಕೊಡುವ ಜಿಲ್ಲಾ ಗ್ರಾಹಕ ಆಯೋಗ ಅದರ ನಂತರದ್ದು. ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳುವ ಹೆಚ್ಚುವರಿ ವಾರಂಟಿಯನ್ನು ಮಾತ್ರ ನಾನು ಇನ್ನು ಮುಂದೆ ಕೊಳ್ಳುವುದಿಲ್ಲ.

ಆ ಕೊನೆಯ ಮಾತಿಗೆ ಕಾರಣ ಟಿವಿ. 2021ರ ಜನವರಿಯಲ್ಲಿ 48,000 ರೂಪಾಯಿ ಕೊಟ್ಟು ಅದನ್ನು ತಂದಾಗ, ತಯಾರಕರ 1 ವರ್ಷದ ವಾರಂಟಿಯ ಮೇಲೆ ಇನ್ನೂ 2 ವರ್ಷದ ರಕ್ಷಣೆ ಸಿಗುತ್ತದೆಂದು ಅಂಗಡಿಯವರು ಹೇಳಿದ್ದನ್ನು ನಂಬಿ 3,999 ರೂಪಾಯಿ ಹೆಚ್ಚಿಗೆ ಕೊಟ್ಟೆವು. ಮರುವರ್ಷ ಜೂನ್‌ನಲ್ಲಿ ಪರದೆಯ ಎಡಭಾಗದಲ್ಲಿ ಉದ್ದುದ್ದ ಗೆರೆಗಳು ಕಾಣಿಸಿಕೊಂಡವು. ಆಗ ಕಾಗದ ತೆಗೆದು ಓದಿದಾಗ ತಿಳಿದದ್ದು, ಆ ರಕ್ಷಣೆ ಕೊಟ್ಟವರು ಟಿವಿ ತಯಾರಿಸಿದವರಲ್ಲ, ಬೇರೆಯೇ ಒಂದು ಸಂಸ್ಥೆ ಎಂದು. ಅವರು ಕಳುಹಿಸಿದ ವ್ಯಕ್ತಿ ಟಿವಿಯ ಹಿಂಬದಿಯನ್ನು ಬಿಚ್ಚದೆ, ಮುಂದಿನಿಂದ ಎರಡು ಫೋಟೊ ತೆಗೆದುಕೊಂಡು ಹೋದನು. ಮೂರನೆಯ ದಿನ, ಪರದೆಗೆ ಹೊರಗಿನಿಂದ ಪೆಟ್ಟು ಬಿದ್ದಿರುವುದರಿಂದ ಷರತ್ತಿನ ಪ್ರಕಾರ ಏನನ್ನೂ ಕೊಡಲಾಗುವುದಿಲ್ಲ ಎಂಬ ಸಂದೇಶ ಬಂತು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಪೆಟ್ಟು, ವೋಲ್ಟೇಜ್ ಏರಿಳಿತ, ಒಳಗೆ ಸೇರಿಕೊಂಡ ಹಲ್ಲಿ ಮತ್ತು ಇರುವೆ, ಇವೆಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಹೊರಗಿಟ್ಟ ಮೇಲೆ ನಮ್ಮಂಥ ಊರುಗಳ ಮನೆಗಳಲ್ಲಿ ಆ ರಕ್ಷಣೆಗೆ ಉಳಿಯುವ ಅರ್ಥವೇನೆಂದು ನನಗೆ ಇಂದಿಗೂ ತಿಳಿದಿಲ್ಲ.

ಹೀಗಾಗಿ ಟಿವಿಯ ವಿಷಯದಲ್ಲಿ ನಾನು ನೇರವಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆ. ಹೋಗುವ ಮೊದಲು ಇದ್ದ ಭಯಗಳಲ್ಲಿ ಮುಕ್ಕಾಲುಪಾಲು ಸುಳ್ಳೆಂದು ಅಲ್ಲಿ ಗೊತ್ತಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ನಂತರ, ಮಾರಿದವರು ಎಲ್ಲಿಯವರೇ ಆಗಿರಲಿ, ನಾವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಸಾಮಾನಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂಬ ಕಡ್ಡಾಯವೂ ಇಲ್ಲ. ನಾನು ದೂರನ್ನು ಕನ್ನಡದಲ್ಲಿ ನಾನೇ ಬರೆದು, ಪ್ರಮಾಣಪತ್ರ (ಅಫಿಡವಿಟ್), ಬಿಲ್, ವಾರಂಟಿ ಕಾಗದ, ಪರದೆಯ ಫೋಟೊಗಳನ್ನು ಜೋಡಿಸಿ, ಅಂಗಡಿ ಮತ್ತು ರಕ್ಷಣೆ ಮಾರಿದ ಸಂಸ್ಥೆ ಎರಡನ್ನೂ ಎದುರುದಾರರನ್ನಾಗಿ ಮಾಡಿ ಕೊಟ್ಟೆ.

ಗೆದ್ದೆ, ಆದರೆ 14 ತಿಂಗಳು ಹಿಡಿಯಿತು. ಪರೀಕ್ಷೆಯ ಅಗತ್ಯವಿಲ್ಲದ ದೂರನ್ನು ಎದುರುದಾರರಿಗೆ ನೋಟಿಸ್ ತಲುಪಿದ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಎದುರುದಾರರು ಒಮ್ಮೆ ಗೈರುಹಾಜರಾಗಿ, ಇನ್ನೊಮ್ಮೆ ಕಾಲಾವಕಾಶ ಕೇಳಿ ದಿನಗಳನ್ನು ಮುಂದೂಡಿಸುತ್ತ ಹೋದರು. ಒಟ್ಟು 7 ಬಾರಿ ನಾನು ಅರ್ಧ ದಿನದ ರಜೆ ಹಾಕಬೇಕಾಯಿತು. ಟಿವಿಯ ಬೆಲೆಯ ಜೊತೆಗೆ ಸ್ವಲ್ಪ ಪರಿಹಾರ ಮತ್ತು ದೂರಿನ ಖರ್ಚು ಕೈಗೆ ಬಂದಾಗ ಸಂತೋಷವಾಗಿದ್ದು ನಿಜ, ಆದರೆ ಅಷ್ಟರಲ್ಲಿ ಅತ್ತೆಯವರ ಸಲುವಾಗಿ ಇನ್ನೊಂದು ಟಿವಿ ತಂದಾಗಿತ್ತು.

ಟಿವಿ ಇಲ್ಲದೆ ಒಂದು ವರ್ಷ ಕಳೆಯಬಹುದು, ಫ್ರಿಜ್ ಇಲ್ಲದೆ ಆಗುವುದಿಲ್ಲ. ಅತ್ತೆಯವರ ಇನ್ಸುಲಿನ್ ಇಡುವುದು ಅದರಲ್ಲಿ. 2023ರ ಗಣೇಶನ ಹಬ್ಬದ ಹೊತ್ತಿಗೆ 31,500 ರೂಪಾಯಿಗೆ ತಂದ ಎರಡು ಬಾಗಿಲಿನ ಫ್ರಿಜ್ 2024ರ ಜುಲೈನಲ್ಲಿ, ಅಂದರೆ ವಾರಂಟಿಯ 10ನೆಯ ತಿಂಗಳಲ್ಲಿ ತಣ್ಣಗಾಗುವುದನ್ನು ನಿಲ್ಲಿಸಿತು. ಮೇಲಿನ ಫ್ರೀಜರ್‌ನಲ್ಲಿ ಮಂಜುಗಡ್ಡೆ ಹೇಗೋ ಕಟ್ಟುತ್ತಿತ್ತು, ಕೆಳಗೆ ಇಟ್ಟ ಹಾಲು ಸಂಜೆಯೊಳಗೆ ಒಡೆಯುತ್ತಿತ್ತು, ಕಂಪ್ರೆಸರ್ ಮಾತ್ರ ಬಿಡುವಿಲ್ಲದೆ ಓಡುತ್ತಿತ್ತು. ಗ್ಯಾಸ್ ಸೋರಿ ಕಡಿಮೆಯಾದಾಗ ಕಾಣುವ ಲಕ್ಷಣ ಇದೇ ಎಂದು ನನಗೆ ತಿಳಿದದ್ದು ತಡವಾಗಿ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಮೂರು ತಿಂಗಳ ಕಷ್ಟವೆಲ್ಲ ಅದರಿಂದಲೇ ಹುಟ್ಟಿತು. ಟೋಲ್ ಫ್ರೀ ಸಂಖ್ಯೆಗೆ ದೂರು ಕೊಟ್ಟ ಮೂರನೆಯ ದಿನ ಬಂದ ಟೆಕ್ನಿಷಿಯನ್ ಹಿಂದಿನ ಪೈಪುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ, ಸೋರಿಕೆ ಎಲ್ಲಿಯೂ ಕಾಣುತ್ತಿಲ್ಲವೆಂದು ಹೇಳಿ, ಗ್ಯಾಸ್ ತುಂಬಿದನು. ಹೊರಡುವಾಗ, ‘ಮೇಡಂ, ನಿಮ್ಮ ಮೊಬೈಲಿಗೆ ಒಂದು ಕೋಡ್ ಬಂದಿರುತ್ತೆ, ಸ್ವಲ್ಪ ಹೇಳಿ’ ಎಂದನು. ಹೇಳಿದೆ. ಆ ಕೋಡ್ ಏನೆಂದರೆ, ಕೆಲಸ ಪೂರ್ಣವಾಗಿದೆ, ಗ್ರಾಹಕರಿಗೆ ತೃಪ್ತಿಯಾಗಿದೆ ಎಂಬುದಕ್ಕೆ ನಾವೇ ಕೊಡುವ ಒಪ್ಪಿಗೆ. ಫ್ರಿಜ್ ತಣ್ಣಗಾಗುತ್ತದೆಯೋ ಇಲ್ಲವೋ ಎಂಬುದು ತಿಳಿಯಲು ಅರ್ಧ ದಿನವಾದರೂ ಬೇಕು. ಕೋಡ್ ಮಾತ್ರ ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿಯೇ ಬೇಕಾಗಿತ್ತು.

ಇಪ್ಪತ್ತು ದಿನಗಳ ನಂತರ ಮತ್ತೆ ಅದೇ ಸ್ಥಿತಿ. ಹಳೆಯ ದೂರನ್ನು ತೆರೆಯಲು ಕೇಳಿದರೆ, ಅದು ಗ್ರಾಹಕರ ಒಪ್ಪಿಗೆಯಿಂದ ಮುಗಿದಿದೆ, ಇದು ಹೊಸ ದೂರು ಎಂದರು. ಎರಡನೆಯ ಸಲ ಬಂದವನು ಬೇರೆಯವನು, ಅವನಿಗೆ ಮೊದಲನೆಯವನು ಏನು ಮಾಡಿದ್ದನೆಂಬುದೇ ತಿಳಿದಿರಲಿಲ್ಲ. ಮತ್ತೆ ಗ್ಯಾಸ್, ಮತ್ತೆ ಕೋಡ್. ಆಗಸ್ಟ್ ಕೊನೆಯಲ್ಲಿ ಮೂರನೆಯವನು ಬಂದಾಗ ನಾನು ಎಚ್ಚೆತ್ತುಕೊಂಡು, ಮರುದಿನದವರೆಗೆ ನೋಡದೆ ಕೋಡ್ ಕೊಡುವುದಿಲ್ಲವೆಂದೆ. ಅವನು ಕೋಪಿಸಿಕೊಳ್ಳಲಿಲ್ಲ; ಕೋಡ್ ಇಲ್ಲದೆ ಹೋದರೆ ಆ ದಿನದ ಕೆಲಸದ ಹಣ ತನಗೆ ಸಿಗುವುದಿಲ್ಲವೆಂದು ಸಂಕಟದಿಂದ ಹೇಳಿಕೊಂಡನು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೋಡ್ ಕೊಡಲಿಲ್ಲ, ಬದಲಿಗೆ ಮಾಡಿದ ಕೆಲಸವನ್ನು ಅವರು ಬರೆದುಕೊಡುವ ಜಾಬ್ ಶೀಟಿನ ಮೇಲೆ ‘ಮೂರನೆಯ ಬಾರಿ ಗ್ಯಾಸ್ ತುಂಬಲಾಗಿದೆ, ಸೋರಿಕೆ ಪತ್ತೆಯಾಗಿಲ್ಲ’ ಎಂದು ಬರೆಸಿ, ದಿನಾಂಕ ಹಾಕಿಸಿ, ಸಹಿ ಮಾಡಿಸಿಕೊಂಡೆ. ಮುಂದೆ ನನ್ನನ್ನು ಉಳಿಸಿದ್ದು ಆ ಒಂದು ಸಾಲು.

ಏಕೆಂದರೆ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕನೆಯ ಬಾರಿ ದೂರು ಕೊಟ್ಟಾಗ, 1 ವರ್ಷದ ವಾರಂಟಿ ಮುಗಿದಿದೆ, ಇನ್ನು ಗ್ಯಾಸ್ ಮತ್ತು ಕೂಲಿಯ ಹಣ ಕೊಡಬೇಕು ಎಂಬ ಉತ್ತರ ಬಂತು. ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿದ್ದ 10 ವರ್ಷದ ವಾರಂಟಿಯನ್ನು ನೆನಪಿಸಿದೆ. ಅದು ಕಂಪ್ರೆಸರ್ ಎಂಬ ಒಂದು ಭಾಗಕ್ಕೆ ಮಾತ್ರ, ಗ್ಯಾಸಿಗಾಗಲಿ, ಪೈಪಿಗಾಗಲಿ, ಕೂಲಿಗಾಗಲಿ ಅನ್ವಯಿಸುವುದಿಲ್ಲ ಎಂದರು. ಕಾರ್ಡಿನಲ್ಲಿಯೂ ಹಾಗೆಯೇ ಇತ್ತು. ಆದರೆ ದೋಷ ಮೊದಲು ಕಾಣಿಸಿದ್ದು 10ನೆಯ ತಿಂಗಳಲ್ಲಿ, ಅದು ಒಮ್ಮೆಯೂ ಸರಿಹೋಗಿಲ್ಲ, ಸರಿಪಡಿಸದೆ ಕಾಲ ಕಳೆದವರು ಅವರು. ಅದರ ಹೊರೆ ನಮ್ಮ ಮೇಲೆ ಬೀಳಬಾರದು ಎಂಬುದು ನನ್ನ ವಾದ. ಟೋಲ್ ಫ್ರೀ ಸಂಖ್ಯೆಯ ಆಚೆ ಕುಳಿತವರಿಗೆ ಆ ವಾದವನ್ನು ಕೇಳುವ ಅಧಿಕಾರವೂ ಇರಲಿಲ್ಲ.

ಅಕ್ಟೋಬರ್ ಮೊದಲ ವಾರದಲ್ಲಿ 1915ಕ್ಕೆ ಕರೆ ಮಾಡಿದೆ. ಕನ್ನಡದಲ್ಲಿಯೇ ಮಾತನಾಡಿದರು. ಬಿಲ್ಲಿನ ದಿನಾಂಕ, ಮಾದರಿ ಸಂಖ್ಯೆ, ಹಿಂದಿನ ದೂರುಗಳ ಸಂಖ್ಯೆಗಳು, ನನಗೆ ಬೇಕಾದ ಪರಿಹಾರ ಏನೆಂಬುದು, ಇಷ್ಟನ್ನು ಕೇಳಿ ಬರೆದುಕೊಂಡು ಒಂದು ದಾಖಲೆ ಸಂಖ್ಯೆ ಕೊಟ್ಟರು. ಅದೇ ಸಂಜೆ ಸಹಾಯವಾಣಿಯ ಜಾಲತಾಣದಲ್ಲಿ ಜಾಬ್ ಶೀಟುಗಳ ಫೋಟೊಗಳನ್ನು ಸೇರಿಸಿದೆ. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದು ವ್ಯಾಜ್ಯಕ್ಕೆ ಮುಂಚಿನ ಹಂತ ಅಷ್ಟೇ. ಹಾಗಿದ್ದರೂ ಅದರ ಮಾತು ನಡೆಯುವುದಕ್ಕೆ ಕಾರಣವಿದೆ: ದೊಡ್ಡ ಕಂಪನಿಗಳು ಸಹಾಯವಾಣಿಯೊಂದಿಗೆ ಪಾಲುದಾರರಾಗಿ ಸೇರಿಕೊಂಡಿರುವುದರಿಂದ, ದೂರು ಊರಿನ ಸರ್ವೀಸ್ ಸೆಂಟರ್‌ಗೆ ಬರದೆ ನೇರವಾಗಿ ಅವರ ಮುಖ್ಯ ಕಚೇರಿಯ ದೂರು ವಿಭಾಗಕ್ಕೆ ಹೋಗುತ್ತದೆ, ಉತ್ತರವನ್ನೂ ಅವರು ಬರಹದಲ್ಲಿಯೇ ಕೊಡಬೇಕಾಗುತ್ತದೆ. ನಮ್ಮಿಂದ ಕೋಡ್ ಹೇಳಿಸಿಕೊಂಡು ದೂರನ್ನು ಮುಗಿಸಿಬಿಡುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಮೊದಲ ಉತ್ತರ ನಿರಾಶೆ ತರುವಂಥದ್ದೇ ಆಗಿತ್ತು: ವಾರಂಟಿ ಮುಗಿದಿದೆ ಎಂಬ ಹಳೆಯ ಮಾತು. ಅನೇಕರು ಇಲ್ಲಿಗೇ ಕೈಬಿಡುತ್ತಾರೆ. ನಾನು ಉತ್ತರ ತೃಪ್ತಿಕರವಾಗಿಲ್ಲವೆಂದು ದಾಖಲಿಸಿ, ಜುಲೈ ಮತ್ತು ಆಗಸ್ಟ್ ತಿಂಗಳ ಜಾಬ್ ಶೀಟುಗಳನ್ನು ಮತ್ತೊಮ್ಮೆ ಲಗತ್ತಿಸಿ, ಒಂದೇ ದೋಷ ವಾರಂಟಿಯೊಳಗೆ ಮೂರು ಬಾರಿ ದಾಖಲಾಗಿದೆ, ಇದು ಸೇವಾ ನ್ಯೂನತೆ, 15 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ ಎಂದು ಬರೆದೆ. ಟಿವಿಯ ಅನುಭವ ಇದ್ದುದರಿಂದ ಆ ಮಾತನ್ನು ಬರೆಯುವಾಗ ಕೈ ನಡುಗಲಿಲ್ಲ. ಐದನೆಯ ದಿನ ಕಂಪನಿಯ ಹಿರಿಯ ಎಂಜಿನಿಯರೊಬ್ಬರು ನೈಟ್ರೋಜನ್ ಸಿಲಿಂಡರ್ ಹಿಡಿದು ಮನೆಗೆ ಬಂದರು. ಪೈಪಿನ ಒಂದೊಂದು ಭಾಗವನ್ನೂ ಬೇರ್ಪಡಿಸಿ ಒತ್ತಡ ಕೊಟ್ಟು ನೋಡಿದಾಗ, ಸೋರಿಕೆ ಇದ್ದದ್ದು ಫೋಮಿನೊಳಗೆ ಹುದುಗಿರುವ ಪೈಪಿನಲ್ಲಿ ಎಂದು ತಿಳಿಯಿತು. ಹೊರಗೆ ಹಚ್ಚಿದ ಸೋಪಿನ ನೊರೆಗೆ ಅದು ಎಂದೂ ಕಾಣುವಂತಿರಲಿಲ್ಲ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಆರ್600ಎ ಗ್ಯಾಸ್ ಹೊತ್ತಿಕೊಳ್ಳುವ ಗುಣದ್ದು, ಸೋರುವ ಪೈಪಿಗೆ ಮತ್ತೆ ಮತ್ತೆ ತುಂಬುವುದು ಸರಿಯಲ್ಲ ಎಂದು ಅವರೇ ಹೇಳಿದರು. 1915ಕ್ಕೆ ಕರೆ ಮಾಡಿದ 24ನೆಯ ದಿನ ಹೊಸ ಫ್ರಿಜ್ ಬಂತು, ನಾವು ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಊರಿನ ಮೆಕ್ಯಾನಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ವಾರಂಟಿ ಮುಗಿದ ವಾಷಿಂಗ್ ಮಷಿನ್‌ನ ನೀರು ಹೊರಹಾಕುವ ಪಂಪನ್ನು 1,100 ರೂಪಾಯಿಗೆ ಒಂದೇ ದಿನದಲ್ಲಿ ಬದಲಾಯಿಸಿಕೊಟ್ಟರು, ಅದು ಇಂದಿಗೂ ಚೆನ್ನಾಗಿದೆ. ವಾರಂಟಿ ಇರುವಾಗ ಮಾತ್ರ ಅವರನ್ನು ಕರೆಯಬಾರದು, ಹೊರಗಿನವರು ಬಿಚ್ಚಿದ್ದಾರೆ ಎಂಬ ನೆಪ ಕಂಪನಿಗೆ ಸಿಕ್ಕಿಬಿಡುತ್ತದೆ.

ನನ್ನ ಆಯ್ಕೆಗೆ ನನ್ನ ಅಭ್ಯಾಸಗಳೂ ಕಾರಣವಿರಬಹುದು. ನಾನು ಕಾಗದಗಳನ್ನು ಎತ್ತಿಡುವವಳು. ಅಂಗಡಿಯ ಬಿಲ್ಲಿನ ಅಕ್ಷರಗಳು ವರ್ಷದೊಳಗೆ ಮಾಸಿಹೋಗುತ್ತವೆಂದು ತಂದ ದಿನವೇ ಫೋಟೊ ತೆಗೆದಿಡುತ್ತೇನೆ, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಮತ್ತು ದಿನಾಂಕ ಹಾಕಿಸದೆ ಬರುವುದಿಲ್ಲ. ಇವಿಲ್ಲದವರಿಗೆ 1915 ಇಷ್ಟು ಸುಲಭವಾಗಿ ಒದಗುತ್ತಿತ್ತೆಂದು ಹೇಳಲಾರೆ. ವರ್ಷಕ್ಕೆ 15 ಸಾಂದರ್ಭಿಕ ರಜೆಗಳಿರುವ ನನಗೆ, 30,000 ರೂಪಾಯಿಯ ಸಾಮಾನಿಗಾಗಿ ಅದರಲ್ಲಿ ಕಾಲುಭಾಗವನ್ನು ಆಯೋಗದ ಬೆಂಚಿನ ಮೇಲೆ ಕಳೆಯುವುದು ಕಷ್ಟ. ಈಗ ಗ್ರಾಹಕ ಆಯೋಗಗಳ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ಅನುಕೂಲವಿದೆ, ವಿಡಿಯೊ ಮೂಲಕ ವಿಚಾರಣೆ ಕೋರುವ ಅವಕಾಶವನ್ನೂ ಕಾಯ್ದೆ ಕೊಟ್ಟಿದೆ. ಮುಂದೊಮ್ಮೆ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಅವುಗಳನ್ನೇ ಬಳಸುತ್ತೇನೆ. ಹೆಚ್ಚುವರಿ ವಾರಂಟಿಗೆ ಕೊಡಬಹುದಾಗಿದ್ದ ಹಣವನ್ನು ಹೊಸ ಸಾಮಾನು ತಂದಾಗಲೆಲ್ಲ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುತ್ತಿದ್ದೇನೆ. ವಾಷಿಂಗ್ ಮಷಿನ್‌ನ ಪಂಪಿಗೆ ಹಣ ಬಂದದ್ದು ಅಲ್ಲಿಂದಲೇ.

1915ರ ದಾರಿ ಹಿಡಿಯುವವರು ಒಂದನ್ನು ಮಾತ್ರ ಮರೆಯಬಾರದು. ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷಗಳ ಗಡುವು ಇದೆ, ಸಹಾಯವಾಣಿಯೊಂದಿಗೆ ಪತ್ರವ್ಯವಹಾರ ನಡೆದಿದೆ ಎಂದು ಆ ಗಡುವು ನಿಲ್ಲುತ್ತದೆಂದು ನಂಬಿ ಕೂರಬಾರದು. ಫ್ರಿಜ್ಜಿನ ಮೊದಲ ಜಾಬ್ ಶೀಟಿನ ದಿನಾಂಕಕ್ಕೆ ಸರಿಯಾಗಿ 2 ವರ್ಷ ತುಂಬುವ ದಿನವನ್ನು ನಾನು ಅಕ್ಟೋಬರ್‌ನಲ್ಲಿಯೇ ಬಿಲ್ಲುಗಳ ಕಡತದ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ. ಹೊಸ ಫ್ರಿಜ್ ಬಂದ ದಿನ ಅದನ್ನು ಹೊಡೆದುಹಾಕಿ, ಹೊಸದರ ಕ್ರಮಸಂಖ್ಯೆಯನ್ನು ಅದರ ಕೆಳಗೆ ಬರೆದೆ.