ಕೇಬಲ್ ಬಿಟ್ಟು ಡಿಡಿ ಫ್ರೀ ಡಿಶ್: ಯಾವ ಮನೆಗೆ ಸಾಕು, ಯಾವ ಮನೆಗೆ ಸಾಲದು

ತಿಂಗಳು ತಿಂಗಳು ಕೇಬಲ್ ದುಡ್ಡು ಕಟ್ಟಿ ಸಾಕಾಗಿದೆ, ಹಾಗಂತ ಟಿವಿ ಬಿಡೋಕೂ ಆಗಲ್ಲ ಅನ್ನುವವರು ಮೊದಲು ಕೇಳುವ ಪ್ರಶ್ನೆ, ಹಳೇ ಕಾಲದ ಹಾಗೆ ಮನೆ ಮೇಲೊಂದು ಆಂಟೆನಾ ಹಾಕಿದರೆ ಆಗುತ್ತದಾ ಎಂದು. ಕರ್ನಾಟಕದ ಮಟ್ಟಿಗೆ ಉತ್ತರ, ಇಲ್ಲ. ಕಡ್ಡಿ ಕಡ್ಡಿ ಆಂಟೆನಾಕ್ಕೆ ಸಿಗ್ನಲ್ ಕೊಡುತ್ತಿದ್ದ ದೂರದರ್ಶನದ ಅನಲಾಗ್ ಮರುಪ್ರಸಾರ ಕೇಂದ್ರಗಳನ್ನು ದೇಶದಾದ್ಯಂತ ಹೆಚ್ಚುಕಡಿಮೆ ಎಲ್ಲ ಕಡೆ ಮುಚ್ಚಿಯಾಗಿದೆ. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ, ಅಂದರೆ ಆಂಟೆನಾದಲ್ಲೇ ಹಿಡಿಯುವ ಡಿಜಿಟಲ್ ಪ್ರಸಾರ, ಶುರುವಾಯಿತು, ನಿಜ. ಆದರೆ ಅದನ್ನೇ ನಂಬಿ ಕೇಬಲ್ ಕತ್ತರಿಸುವಷ್ಟು ಚಾನೆಲ್ ಅದರಲ್ಲಿಲ್ಲ. ಉಳಿಯುವುದು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಚಾನೆಲ್‌ಗಳು ಬರುತ್ತವೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದ ಸೇವೆ. ಸಾಮಾನು ಒಂದು ಸಲ ಕೊಂಡರೆ ಆಯಿತು, ರೀಚಾರ್ಜ್ ಇಲ್ಲ, ಬಾಡಿಗೆ ಇಲ್ಲ.

ದುಡ್ಡಿನ ಲೆಕ್ಕ ನೋಡಿ. ಟಿವಿ ಸೇವೆಗಳ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ 2019ರಿಂದ ಕೇಬಲ್ ಮತ್ತು ಡಿಟಿಎಚ್‌ಗೆ (ಡಿಶ್ ಮೂಲಕ ನೇರ ಮನೆಗೆ ಬರುವ ಸೇವೆ) ನೆಟ್‌ವರ್ಕ್ ಶುಲ್ಕ ಗರಿಷ್ಠ 130 ರೂಪಾಯಿ ಇತ್ತು, ಅದರ ಮೇಲೆ ಶೇ. 18 ಜಿಎಸ್‌ಟಿ. ಒಂದೇ ಒಂದು ಪೇ ಚಾನೆಲ್ ಹಾಕಿಸಿಕೊಳ್ಳದೆ ಬರೀ ಉಚಿತ ಚಾನೆಲ್ ನೋಡಿದರೂ ತಿಂಗಳಿಗೆ 153 ರೂಪಾಯಿ 40 ಪೈಸೆ, ವರ್ಷಕ್ಕೆ 1,840 ರೂಪಾಯಿ ಆಗುತ್ತಿತ್ತು. 2024ರ ಜುಲೈನಲ್ಲಿ ಈ ಶುಲ್ಕದ ಮಿತಿಯನ್ನೇ ಟ್ರಾಯ್ ತೆಗೆದುಹಾಕಿತು, ಈಗ ಆಪರೇಟರ್ ಹೇಳಿದ್ದೇ ದರ. ಫ್ರೀ ಡಿಶ್‌ಗೆ ಡಿಶ್, ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ), ಬಾಕ್ಸ್, ವೈರ್ ಎಲ್ಲ ಸೇರಿ ಸುಮಾರು 2,000 ರೂಪಾಯಿ ಆಗುತ್ತದೆ. ವರ್ಷ ದಾಟುವಷ್ಟರಲ್ಲಿ ಹಾಕಿದ ದುಡ್ಡು ವಾಪಸ್.

ಆದರೆ ದುಡ್ಡು ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಮನೆಗೂ ಇದನ್ನು ಹೇಳಲಾಗದು. ಜೀ ಕನ್ನಡ, ಕಲರ್ಸ್ ಕನ್ನಡ, ಉದಯ, ಸ್ಟಾರ್ ಸುವರ್ಣ ಎಲ್ಲವೂ ಪೇ ಚಾನೆಲ್‌ಗಳು, ಇದರಲ್ಲಿ ಬರುವುದಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿ ನೋಡುವ ಅಮ್ಮನೋ ಅಜ್ಜಿಯೋ ಮನೆಯಲ್ಲಿದ್ದರೆ ಕೇಬಲ್ ತೆಗೆಸಿ ಈ ಡಿಶ್ ಹಾಕಿಸಬೇಡಿ. ಮೊದಲ ಸಂಜೆಯೇ ಜಗಳ ಶುರುವಾಗುತ್ತದೆ, ಅದರಲ್ಲಿ ನ್ಯಾಯ ಅವರ ಕಡೆಯೇ ಇರುತ್ತದೆ. ಇಲ್ಲಿರುವ ಖಾಸಗಿ ಚಾನೆಲ್‌ಗಳಲ್ಲಿ ಹಿಂದಿಯದೇ ದೊಡ್ಡ ಪಾಲು. ಸ್ಲಾಟ್‌ಗಳನ್ನು, ಅಂದರೆ ಚಾನೆಲ್‌ಗಳ ಜಾಗಗಳನ್ನು, ಪ್ರಸಾರ ಭಾರತಿ ಇ-ಹರಾಜಿನಲ್ಲಿ ಕೊಡುವುದರಿಂದ ಪಟ್ಟಿ ಆಗಾಗ ಬದಲಾಗುತ್ತದೆ, ಏಪ್ರಿಲ್ ಒಂದರಂದು ಬದಲಾವಣೆ ಹೆಚ್ಚು. ಅಂಗಡಿಯವರು ತೋರಿಸುವ ಹಳೇ ಪಟ್ಟಿ ನಂಬಿ ಕೊಳ್ಳಬೇಡಿ. ಪ್ರಸಾರ ಭಾರತಿಯ ತಾಣದಲ್ಲಿ ಆ ಹೊತ್ತಿನ ಪಟ್ಟಿ ನೋಡಿ.

ಇದು ಸರಿಹೊಂದುವ ಮನೆಗಳೂ ಬೇಕಾದಷ್ಟಿವೆ. ಚಂದನ ನೋಡುವವರು, ಸುದ್ದಿ ಸಾಕು ಅನ್ನುವವರು, ಧಾರಾವಾಹಿಯನ್ನು ಮೊಬೈಲಿನಲ್ಲೇ ನೋಡಿ ಮುಗಿಸುವವರು, ತೋಟದ ಮನೆ, ಅಂಗಡಿ, ಕೇಬಲ್ ಲೈನೇ ತಲುಪದ ಮಲೆನಾಡಿನ ಒಂಟಿ ಮನೆಗಳು. ಥಟ್ ಅಂತ ಹೇಳಿ, ಕೃಷಿ ಕಾರ್ಯಕ್ರಮಗಳು, ಮೈಸೂರು ದಸರಾದ ಜಂಬೂಸವಾರಿಯ ನೇರ ಪ್ರಸಾರ ಎಲ್ಲ ಚಂದನದಲ್ಲೇ ಸಿಗುತ್ತದೆ. ಶಾಲೆ ಮಕ್ಕಳಿರುವ ಮನೆಗೆ ಪಾಠದ ಪಿಎಂ ಇ-ವಿದ್ಯಾ ಚಾನೆಲ್‌ಗಳಿವೆ, ಆಕಾಶವಾಣಿಯ ಹಲವು ನಿಲಯಗಳೂ ಇದರಲ್ಲೇ ಬರುತ್ತವೆ.

ಕ್ರಿಕೆಟ್ ನೋಡುವವರಿಗೆ ಇಲ್ಲೊಂದು ಅನುಕೂಲವಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. 2007ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಪಂದ್ಯಗಳ ನೇರ ಪ್ರಸಾರದ ಸಿಗ್ನಲ್ ಅನ್ನು ಖಾಸಗಿ ವಾಹಿನಿ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು. ಆ ಸಿಗ್ನಲ್ ದೂರದರ್ಶನದ ಭೂಪ್ರಸಾರ ಮತ್ತು ಅದರದೇ ಡಿಟಿಎಚ್ ಆದ ಫ್ರೀ ಡಿಶ್‌ಗೆ ಮಾತ್ರ, ಕೇಬಲ್ ಮತ್ತು ಖಾಸಗಿ ಡಿಟಿಎಚ್‌ಗೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಹೀಗಾಗಿ ದುಡ್ಡು ಕೊಟ್ಟು ನೋಡುವ ಕೇಬಲ್‌ನ ದೂರದರ್ಶನದಲ್ಲಿ ಭಾರತದ ಏಕದಿನ ಪಂದ್ಯ ಕಾಣದಿದ್ದರೂ ಫ್ರೀ ಡಿಶ್‌ನಲ್ಲಿ ಕಾಣುತ್ತದೆ. ಐಪಿಎಲ್ ಈ ಲೆಕ್ಕಕ್ಕೆ ಬರುವುದಿಲ್ಲ.

ಈಗ ಕೊಳ್ಳುವ ವಿಷಯ. ಬಾಕ್ಸ್ ಎಂಪೆಗ್-4 (ವಿಡಿಯೊ ಕಳಿಸುವ ಹೊಸ ಮಾದರಿ) ಆಗಿರಲೇಬೇಕು. ಇನ್ನೂರು ಮುನ್ನೂರು ರೂಪಾಯಿ ಕಡಿಮೆ ಎಂದು ಹಳೇ ಎಂಪೆಗ್-2 ಬಾಕ್ಸ್ ತಂದರೆ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳು ಅದರಲ್ಲಿ ತೆರೆಯುವುದೇ ಇಲ್ಲ, ಆಮೇಲೆ ಡಿಶ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಬಾಕ್ಸ್ ಕೊಳ್ಳುವ ಮುಂಚೆ ಟಿವಿಯ ಹಿಂಭಾಗ ಒಮ್ಮೆ ನೋಡಿ. ಕೆಲವು ಟಿವಿಗಳಲ್ಲಿ ಸ್ಯಾಟಲೈಟ್ ಇನ್‌ಪುಟ್ ಇರುತ್ತದೆ, ಸ್ಕ್ರೂನಂತೆ ತಿರುಗಿಸಿ ಬಿಗಿಯುವ ಕನೆಕ್ಟರ್. ಅದಿದ್ದರೆ ಡಿಶ್‌ನ ವೈರನ್ನು ನೇರ ಟಿವಿಗೇ ಕೊಟ್ಟು ಒಂದು ರಿಮೋಟ್ ಉಳಿಸಬಹುದು. ಆದರೆ ಬೀಗ ಹಾಕಿ ಕಳಿಸುವ ಚಾನೆಲ್‌ಗಳಿಗೆ ಅಧಿಕೃತ ಬಾಕ್ಸೇ ಬೇಕು.

ಬಯಲುಸೀಮೆಗೆ 60ರಿಂದ 65 ಸೆಂಟಿಮೀಟರ್ ಡಿಶ್ ಸಾಕು. ಕರಾವಳಿ, ಕೊಡಗು, ಆಗುಂಬೆ, ಶೃಂಗೇರಿ ಕಡೆಗೆ 90 ಸೆಂಟಿಮೀಟರ್‌ನದೇ ಹಾಕಿ. ಫ್ರೀ ಡಿಶ್ ಬರುವ ಕೆಯು ಬ್ಯಾಂಡ್ ತರಂಗವನ್ನು ಜೋರು ಮಳೆ ಹೀರಿಕೊಳ್ಳುತ್ತದೆ, ಆಷಾಢದಲ್ಲಿ ಗಂಟೆಗಟ್ಟಲೆ ಚಿತ್ರ ಹೋಗುವುದು ಅದಕ್ಕೇ. 60ರ ಡಿಶ್‌ಗೆ ಹೋಲಿಸಿದರೆ 90ರ ಡಿಶ್ ಹಿಡಿಯುವ ಸಿಗ್ನಲ್ ಎರಡೂಕಾಲು ಪಟ್ಟು. ಇದರಿಂದ ಸಾಧಾರಣ ಮಳೆ ನಿಭಾಯಿಸುತ್ತದೆ. ಕಪ್ಪು ಮೋಡ ಕವಿದು ಸುರಿಯುವ ಮಳೆಗೆ ಅದೂ ಸೋಲುತ್ತದೆ, ಆದರೆ ಕೆಲವೇ ನಿಮಿಷ. ಎಲ್‌ಎನ್‌ಬಿ ಮೇಲೆ 9750/10600 ಎಂದು ಬರೆದಿದೆಯಾ ನೋಡಿಕೊಳ್ಳಿ.

ಮಾಳಿಗೆ ಮೇಲೆ ಹಳೇ ಡಿಟಿಎಚ್ ಡಿಶ್ ಬಿದ್ದಿದ್ದರೆ ಹೊಸತು ತರಬೇಕಿಲ್ಲ. ಅದರಲ್ಲೂ ಸನ್ ಡೈರೆಕ್ಟ್ ಡಿಶ್ ಆಗಿದ್ದರೆ ಅಲ್ಲಾಡಿಸಲೇಬೇಡಿ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹದಿಂದಲೇ ಅದೂ ಬರುತ್ತದೆ. ಮೊದಲು ಬಾಕ್ಸ್ ಜೋಡಿಸಿ ಸ್ಕ್ಯಾನ್ ಮಾಡಿ, ಬಹಳ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಬೇರೆ ಕಂಪನಿಯ ಡಿಶ್‌ಗಳು ಬೇರೆ ಬೇರೆ ಉಪಗ್ರಹದತ್ತ ಮುಖ ಮಾಡಿರುತ್ತವೆ, ಅವನ್ನು ತಿರುಗಿಸಬೇಕಾಗುತ್ತದೆ.

ಕೇಬಲ್‌ನವರು ಎಳೆದಿದ್ದ ಹಳೇ ವೈರಿನಲ್ಲೇ ಕೆಲಸ ಮುಗಿಸೋಣ ಅನ್ನುವುದು ಬೇಡ. ಕೇಬಲ್ ಟಿವಿಯ ಸ್ಪ್ಲಿಟರ್, ಆಂಪ್ಲಿಫೈಯರ್‌ಗಳು ಸಾಮಾನ್ಯವಾಗಿ 862 ಮೆಗಾಹರ್ಟ್ಸ್‌ವರೆಗಿನವು. ಡಿಶ್‌ನಿಂದ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನದು. ಗೋಡೆಯೊಳಗೆ ಎಲ್ಲೋ ಕೂತಿರುವ ಒಂದು ಹಳೇ ಸ್ಪ್ಲಿಟರ್ ಸಾಕು, ಎಲ್ಲವೂ ಸರಿಯಿದ್ದೂ ಟಿವಿಯಲ್ಲಿ ಏನೂ ಬರುವುದಿಲ್ಲ. ಡಿಶ್‌ನಿಂದ ಬಾಕ್ಸ್‌ವರೆಗೆ ನಡುವೆ ಜಾಯಿಂಟ್ ಇಲ್ಲದ ಒಂದೇ ತುಂಡು ಆರ್‌ಜಿ-6 ಎಂಬ ಡಿಶ್ ವೈರ್ ಎಳೆಯಿರಿ, 30 ಮೀಟರ್ ಒಳಗಿದ್ದರೆ ಚಿಂತೆಯಿಲ್ಲ. ಎರಡು ಟಿವಿ ಇದ್ದರೆ ಎರಡು ಔಟ್‌ಪುಟ್‌ನ ಟ್ವಿನ್ ಎಲ್‌ಎನ್‌ಬಿ ತಂದು ಪ್ರತ್ಯೇಕ ವೈರ್ ಹಾಕಿ. ಸ್ಪ್ಲಿಟರ್ ಹಾಕಿದರೆ ಸಿಗ್ನಲ್ ಅರ್ಧಕ್ಕಿಳಿಯುತ್ತದೆ, ಮಳೆಗಾಲದಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಕನೆಕ್ಟರ್ ಕಟ್ಟುವುದು ಚಿಕ್ಕ ಕೆಲಸ, ಹೆಚ್ಚಿನ ದೂರುಗಳ ಬೇರು ಇರುವುದೂ ಅಲ್ಲೇ. ವೈರಿನ ಹೊರಗಿನ ಕಪ್ಪು ಕವಚವನ್ನು ಒಂದೂವರೆ ಸೆಂಟಿಮೀಟರ್ ಸುಲಿಯಿರಿ. ಒಳಗಿನ ಬೆಳ್ಳಿಬಣ್ಣದ ಜಾಲರಿಯನ್ನು ಹಿಂದಕ್ಕೆ ಮಡಿಚಿ ಕವಚದ ಮೇಲೆ ಒತ್ತಿ. ಬಿಳಿ ಭಾಗವನ್ನು 7 ಮಿಲಿಮೀಟರ್ ಕತ್ತರಿಸಿ ನಡುವಿನ ತಂತಿಯನ್ನಷ್ಟೇ ಉಳಿಸಿ, ಅದಕ್ಕೆ ಬ್ಲೇಡ್ ತಾಗಿ ಗೀರು ಬೀಳಬಾರದು. ಕನೆಕ್ಟರ್ ತಿರುಗಿಸಿ ಕೂರಿಸಿದ ಮೇಲೆ ನಡುತಂತಿ ಅದರ ಬಾಯಿಂದ ಎರಡು ಮೂರು ಮಿಲಿಮೀಟರ್ ಆಚೆ ಬಂದಿರಬೇಕು. ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಇದೇ ವೈರಿನಲ್ಲಿ, ಬಾಕ್ಸ್‌ನಿಂದ. ಜಾಲರಿಯ ಕೂದಲೆಳೆಯಷ್ಟು ತಂತಿ ನಡುತಂತಿಗೆ ತಾಗಿದರೂ ಶಾರ್ಟ್ ಆಗಿ ಸಿಗ್ನಲ್ ಸೊನ್ನೆಗೆ ಬೀಳುತ್ತದೆ. ಜೋಡಿಸುವಾಗ ಬಾಕ್ಸ್‌ನ ಪ್ಲಗ್ ತೆಗೆದಿರಲಿ.

ದಿಕ್ಕಿನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಮಗೆ ಆಗ್ನೇಯಕ್ಕೆ. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆಯ ಮೂಲೆ. ಉತ್ತರವನ್ನು ಸೊನ್ನೆ ಎಂದಿಟ್ಟುಕೊಂಡು ಪ್ರದಕ್ಷಿಣೆಯ ದಿಕ್ಕಿಗೆ ಎಣಿಸಿದರೆ ಬೆಂಗಳೂರಿನಲ್ಲಿ 128 ಡಿಗ್ರಿ, ನೆಲದಿಂದ ಮೇಲಕ್ಕೆ 66 ಡಿಗ್ರಿ. ಮಂಗಳೂರಿನಲ್ಲಿ 123 ಮತ್ತು 64, ಬೆಳಗಾವಿಯಲ್ಲಿ 128 ಮತ್ತು 61, ಕಲಬುರಗಿಯಲ್ಲಿ 135 ಮತ್ತು 62. ಮೊಬೈಲಿನ ದಿಕ್ಸೂಚಿ ಬಳಸುವುದಾದರೆ ಕಬ್ಬಿಣದ ಕಂಬ, ನೀರಿನ ಟ್ಯಾಂಕಿನ ಸ್ಟ್ಯಾಂಡ್‌ನಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಹತ್ತಿರ ಹಿಡಿದರೆ ಮುಳ್ಳು ದಾರಿ ತಪ್ಪುತ್ತದೆ.

ಉಪಗ್ರಹ ಇಷ್ಟು ಎತ್ತರದಲ್ಲಿರುವುದು ನಮ್ಮ ಪುಣ್ಯ. ಬೆಂಗಳೂರಿನಲ್ಲಿ ಡಿಶ್‌ನಿಂದ ಒಂದು ಮೀಟರ್ ಮುಂದೆ, ಡಿಶ್‌ಗಿಂತ ಒಂದೂವರೆ ಮೀಟರ್ ಎತ್ತರದ ಗೋಡೆ ಇದ್ದರೂ ಸಿಗ್ನಲ್ ಅದರ ಮೇಲಿಂದ ಇಳಿದು ಬರುತ್ತದೆ. ಹಾಗಾಗಿ ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲೂ ಜಾಗ ಸಿಗುತ್ತದೆ. ತೊಂದರೆ ಕೊಡುವುದು ಪಕ್ಕದ ತೆಂಗಿನ ಮರದ ಗರಿ, ಮತ್ತು ಬಾಲ್ಕನಿಯಾದರೆ ತಲೆ ಮೇಲಿನ ಸಜ್ಜಾ. ಇದನ್ನು ಪರೀಕ್ಷಿಸಲು ಸೂರ್ಯನೇ ಇದ್ದಾನೆ. ಮಾರ್ಚ್ 15ರ ಆಸುಪಾಸು ಬೆಳಗ್ಗೆ ಹನ್ನೊಂದೂಕಾಲಿಗೆ, ಸೆಪ್ಟೆಂಬರ್ 29ರ ಆಸುಪಾಸು ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬೆಂಗಳೂರಿನಿಂದ ನೋಡಿದರೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಲ್ಲಿ ಡಿಶ್ ಇಡುವ ಜಾಗಕ್ಕೆ ಪೂರ್ತಿ ಬಿಸಿಲು ಬಿದ್ದರೆ ಅಡ್ಡಿ ಏನೂ ಇಲ್ಲ ಎಂದರ್ಥ. ಅದೇ ದಿನಗಳಲ್ಲಿ ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗುವುದೂ ಅದೇ ಕಾರಣಕ್ಕೆ. ಡಿಶ್ ಕೆಟ್ಟಿಲ್ಲ, ಮುಟ್ಟಬೇಡಿ.

ಕಂಬವನ್ನು ಕಾಂಕ್ರೀಟಿಗೆ ನಾಲ್ಕು ಆಂಕರ್ ಬೋಲ್ಟ್ ಹಾಕಿ ಬಿಗಿಯಿರಿ, ಮಟ್ಟಗೋಲು ಇಟ್ಟು ನೇರ ನಿಂತಿದೆಯಾ ನೋಡಿ. ಕಂಬ ವಾಲಿದ್ದರೆ ಮೇಲಿನ ಡಿಗ್ರಿ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಹೆಂಚಿನ ಮನೆಯಲ್ಲಿ ಪಕ್ಕದ ಗೋಡೆಗೇ ಬ್ರಾಕೆಟ್ ಹಾಕಬೇಕು. ತಗಡಿನ ಶೀಟಿಗೆ ಕೂರಿಸಿದ ಡಿಶ್ ಗಾಳಿಗೆ ನಡುಗಿ ವಾರದಲ್ಲಿ ದಿಕ್ಕು ಬಿಡುತ್ತದೆ.

ಬಾಕ್ಸ್‌ನ ಮೆನುವಿನಲ್ಲಿ ಟ್ರಾನ್ಸ್‌ಪಾಂಡರ್ 11090, ವರ್ಟಿಕಲ್, ಸಿಂಬಲ್ ರೇಟ್ 29500 ಕೊಟ್ಟು ಸಿಗ್ನಲ್ ಪಟ್ಟಿಗಳು ಕಾಣುವಂತೆ ಇಡಿ. ಎರಡು ಪಟ್ಟಿ ಇರುತ್ತವೆ. ಸ್ಟ್ರೆಂತ್ ಏರಿತೆಂದು ಖುಷಿಪಡಬೇಡಿ, ಎಲ್‌ಎನ್‌ಬಿಗೆ ಕರೆಂಟ್ ಸಿಕ್ಕರೂ ಸಾಕು, ಅದು ಏರುತ್ತದೆ. ನೋಡಬೇಕಾದದ್ದು ಕ್ವಾಲಿಟಿ. ಡಿಶ್‌ನ ಎತ್ತರವನ್ನು ಒಂದು ಕಡೆ ನಿಲ್ಲಿಸಿ ಎಡಬಲಕ್ಕೆ ಬೆರಳಗಲದಷ್ಟು ಸರಿಸಿ, ಪ್ರತಿ ಸಲ ಮೂರು ನಾಲ್ಕು ಸೆಕೆಂಡ್ ಕಾಯಿರಿ, ಬಾಕ್ಸ್ ಗುರುತು ಹಿಡಿಯಲು ಅಷ್ಟು ಹೊತ್ತು ಬೇಕು. ಸಿಗದಿದ್ದರೆ ಎತ್ತರವನ್ನು ಒಂದು ಡಿಗ್ರಿ ಬದಲಿಸಿ ಮತ್ತೆ ಮೊದಲಿಂದ. ಇಲ್ಲೊಂದು ಮೋಸವಿದೆ: ಡಿಶ್ ಟಿವಿಯ ಉಪಗ್ರಹ ಇರುವುದು 95 ಡಿಗ್ರಿಯಲ್ಲಿ, ಒಂದೂವರೆ ಡಿಗ್ರಿ ಆಚೆ. ಸಣ್ಣ ಡಿಶ್‌ಗೆ ಎರಡೂ ಒಟ್ಟಿಗೇ ಕಾಣುತ್ತವೆ. ಸ್ಟ್ರೆಂತ್ ತುಂಬಿ ಕ್ವಾಲಿಟಿ ಸೊನ್ನೆಯಾಗಿದ್ದರೆ ಡಿಶ್ ಅದರತ್ತ ತಿರುಗಿರಬಹುದು ಎಂದುಕೊಂಡು ಸ್ವಲ್ಪ ದಕ್ಷಿಣಕ್ಕೆ ತನ್ನಿ.

ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನ ತಿರುಗಿಸಿ. ಬಹಳ ಮೆಕ್ಯಾನಿಕ್‌ಗಳು ಈ ಹಂತ ಬಿಟ್ಟೇಬಿಡುತ್ತಾರೆ. ಉತ್ತರ ಭಾರತದಲ್ಲಿ ಈ ತಿರುವು ಕಡಿಮೆ, ದಕ್ಷಿಣಕ್ಕೆ ಬಂದಷ್ಟೂ ಹೆಚ್ಚು, ಹಾಗಾಗಿ ಪೆಟ್ಟಿಗೆಯೊಳಗಿನ ಚೀಟಿಯ ಚಿತ್ರ ನೋಡಿ ನೇರ ಕೂರಿಸಿದರೆ ನಮ್ಮಲ್ಲಿ ಅರ್ಧ ಸಿಗ್ನಲ್ ಸುಮ್ಮನೆ ಹಾಳು. ಕೊನೆಗೆ ಬೋಲ್ಟ್ ಬಿಗಿಯುವಾಗ ಒಂದೇ ಕಡೆಯದನ್ನು ಪೂರ್ತಿ ಬಿಗಿಯಬೇಡಿ, ಡಿಶ್ ಜರುಗುತ್ತದೆ. ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ, ಕ್ವಾಲಿಟಿ ನೋಡುತ್ತಾ ಬಿಗಿಯಿರಿ.

ಚಿತ್ರದ ಗುಣಮಟ್ಟದ ಬಗ್ಗೆ ಆಸೆ ಮಿತಿಯಲ್ಲಿರಲಿ. ಹೆಚ್ಚಿನ ಚಾನೆಲ್‌ಗಳು ಎಸ್‌ಡಿ, ಅಂದರೆ ಎಚ್‌ಡಿಯಷ್ಟು ಸ್ಪಷ್ಟವಲ್ಲದ ಚಿತ್ರ. 32 ಇಂಚಿನ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತವೆ, 55 ಇಂಚಿನಲ್ಲಿ ಕ್ರಿಕೆಟ್ ಚೆಂಡು ಮಸುಕಾಗುತ್ತದೆ.

ಆಮೇಲಿನ ನಿರ್ವಹಣೆ ಹೆಚ್ಚಿಲ್ಲ. ಎಲ್‌ಎನ್‌ಬಿಗೆ ವೈರ್ ಸೇರುವ ಕಡೆ ರಬ್ಬರ್ ಟೋಪಿ ಹಾಕಿ, ಅದರ ಕೆಳಗೆ ವೈರನ್ನು ಒಂದು ಸುತ್ತು ಜೋತುಬಿಡಿ, ನೀರು ಕನೆಕ್ಟರಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲ ಮುಗಿದು ಬಿಸಿಲು ಬಂದರೂ ಸಿಗ್ನಲ್ ಬಾರದಿದ್ದರೆ ಮೊದಲು ಅದೇ ಕನೆಕ್ಟರ್ ಬಿಚ್ಚಿ, ಒಳಗೆ ಹಸಿರು ಕಿಲುಬು ಕಂಡರೆ ತುದಿ ಕತ್ತರಿಸಿ ಹೊಸತು ಕಟ್ಟಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮುಂಚೆ ಬಾಕ್ಸ್‌ನ ಪ್ಲಗ್ ಜೊತೆ ಡಿಶ್‌ನ ವೈರನ್ನೂ ಬಿಚ್ಚಿಡಿ. ಚಾನೆಲ್ ಒಂದು ಇದ್ದಕ್ಕಿದ್ದಂತೆ ಮಾಯವಾದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಒಮ್ಮೆ ಆಟೋ ಸ್ಕ್ಯಾನ್ ಮಾಡಿ, ಸ್ಲಾಟ್ ಬದಲಾಗಿರಬಹುದು.

ಕೇಬಲ್ ತೆಗೆಸುವ ದಿನದ ವಿಷಯ ಒಂದಿದೆ. ಬ್ರಾಡ್‌ಬ್ಯಾಂಡ್ ಕೂಡ ಅದೇ ಆಪರೇಟರ್‌ನದಾದರೆ ಎರಡರ ಬಿಲ್ ಬೇರೆಯೇ ಎಂದು ಖಚಿತ ಮಾಡಿಕೊಳ್ಳಿ, ಅವರ ಬಾಕ್ಸ್‌ಗೆ ಠೇವಣಿ ಕೊಟ್ಟಿದ್ದರೆ ರಸೀದಿ ಹುಡುಕಿಟ್ಟುಕೊಳ್ಳಿ. ಫ್ರೀ ಡಿಶ್ ಒಂದು ವಾರ ಸರಿಯಾಗಿ ನಡೆದು, ಮನೆಯವರೆಲ್ಲ ಚಾನೆಲ್ ಪಟ್ಟಿಗೆ ಒಪ್ಪಿದ ಮೇಲೆಯೇ ಹಳೇ ಬಾಕ್ಸ್ ವಾಪಸ್ ಕೊಡಿ.