ಜೋಡಿಸಿಕೊಳ್ಳುವ ಮೂರು ಬಾಗಿಲಿನ ಕಪಾಟು: ಕಾಸರಗೋಡಿನವರು ಆರ್ಡರ್ ಮಾಡುವ ಮುಂಚೆ ಓದಿ

5ರಲ್ಲಿ 2 ಸ್ಟಾರ್. ಆ ಎರಡು ಸ್ಟಾರ್ ಕೊಟ್ಟದ್ದೂ ಕಪಾಟು ನೋಡಲು ಚೆನ್ನಾಗಿದೆ, ಒಳಗೆ ಜಾಗ ಧಾರಾಳ ಇದೆ ಅನ್ನುವ ಕಾರಣಕ್ಕೆ. ಸರ್ವಿಸ್‌ಗೆ ಸೊನ್ನೆ.

ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲಿ ನಾವೇ ಜೋಡಿಸಿಕೊಳ್ಳಬೇಕಾದ ಬಟ್ಟೆ ಕಪಾಟು ಇದು. ಬೆಲೆ 17 ಸಾವಿರದ ಹತ್ತಿರ. ದೂರು ಇನ್ನೂ ನಡೆಯುತ್ತಿರುವ ಕಾರಣ ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, ಬದಿಯಡ್ಕ, ಪೆರ್ಲ, ಕುಂಬಳೆ, ಮುಳ್ಳೇರಿಯ ಕಡೆ ಯಾರಾದರೂ ಇಂಥ ಸಾಮಾನು ತರಿಸುವ ಯೋಚನೆಯಲ್ಲಿದ್ದರೆ ಕೆಳಗಿನ ವಿಷಯ ಉಪಯೋಗಕ್ಕೆ ಬರುತ್ತದೆ.

ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುವ ಪೀಠೋಪಕರಣದ ಮೇಲೆ ನನಗೆ ದ್ವೇಷ ಇಲ್ಲ. ಸ್ವೀಡನ್ನಿನ ಐಕಿಯಾದವರು 1956ರಲ್ಲೇ ಇದನ್ನು ಶುರು ಮಾಡಿದರು. ಕಾಲು ಬಿಚ್ಚಿದ ಮೇಜು ಚಪ್ಪಟೆ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ, ಲಾರಿಯಲ್ಲಿ ಜಾಗ ಉಳಿಯುತ್ತದೆ, ದಾರಿಯಲ್ಲಿ ಒಡೆಯುವುದೂ ಕಡಿಮೆ, ಹಾಗಾಗಿ ಬೆಲೆ ಇಳಿಯುತ್ತದೆ. ಒಳ್ಳೆಯ ಯೋಚನೆಯೇ. ಬಾಡಿಗೆ ಮನೆಯವರಿಗೆ, ಕಿರಿದಾದ ಮೆಟ್ಟಿಲಿನ ಮನೆಯವರಿಗೆ ನಿಜಕ್ಕೂ ಅನುಕೂಲ. ನಾನು ತರಿಸಿದ್ದು ಅವರದ್ದಲ್ಲ, ಆದರೆ ಯೋಚನೆ ಅದೇ. ಜೋಡಿಸುವ ಕೆಲಸವನ್ನು ಗಿರಾಕಿಗೆ ಬಿಟ್ಟ ಮೇಲೆ ಪೆಟ್ಟಿಗೆಯೊಳಗೆ ಇರುವುದು ಸರಿಯಾಗಿರಬೇಕು ಅಲ್ವಾ? ಅಷ್ಟೇ ನನ್ನ ತಕರಾರು.

ಮೊದಲು ಡೆಲಿವರಿ. "ಮನೆ ಬಾಗಿಲಿಗೆ" ಅಂತ ಬರೆದಿತ್ತು. ವ್ಯಾನ್ ಮೇಲಿನ ಟಾರು ರಸ್ತೆಯಲ್ಲೇ ನಿಂತಿತು. ನಮ್ಮದು ತೋಟದ ನಡುವಿನ ಮನೆ, ಇಳಿಜಾರು ಮಣ್ಣಿನ ದಾರಿ, ಜೀಪು ಇಳಿಯುತ್ತದೆ, ದೊಡ್ಡ ವ್ಯಾನ್ ಇಳಿಯುವುದಿಲ್ಲ. ಅದು ಡ್ರೈವರನ ತಪ್ಪಲ್ಲ. ಆ ಹುಡುಗ ಪಾಪ, ಒಬ್ಬನೇ ಬಂದಿದ್ದ, ನೀರು ಕುಡಿದು ಹೋಗು ಎಂದರೂ ನಿಲ್ಲಲು ಅವನಿಗೆ ಪುರುಸೊತ್ತಿರಲಿಲ್ಲ. ಅಷ್ಟು ಭಾರದ ಸಾಮಾನಿಗೆ ಒಬ್ಬನನ್ನೇ ಕಳಿಸಿದ್ದು ಕಂಪನಿ. ದೊಡ್ಡ ಪೆಟ್ಟಿಗೆ ಒಂದೇ 40 ಕಿಲೋ ಹತ್ತಿರ ಇತ್ತು. ಭಾವ ಮತ್ತು ತೋಟದ ಕೆಲಸಕ್ಕೆ ಬಂದಿದ್ದವರು ಸೇರಿ ಹೊತ್ತು ತಂದರು.

ಆಮೇಲೆ ಜೋಡಿಸುವ ವಿಷಯ. ಜಾಹೀರಾತಿನಲ್ಲಿ "ಉಚಿತ ಅಸೆಂಬ್ಲಿ" ಅಂತ ದೊಡ್ಡದಾಗಿ ಇತ್ತು. ಆರ್ಡರ್ ಮಾಡುವಾಗ ಪಿನ್‌ಕೋಡ್ ಹಾಕಿದ್ದೆ, ಆಗ ಯಾವ ತೊಂದರೆಯೂ ಹೇಳಲಿಲ್ಲ. ದುಡ್ಡು ಕಟ್ಟಿ, ಸಾಮಾನು ಬಂದು, ಕಾರ್ಪೆಂಟರ್ ಯಾವಾಗ ಬರುತ್ತಾರೆ ಅಂತ ಕೇಳಿದಾಗ ನಿಮ್ಮ ಪಿನ್‌ಕೋಡ್‌ಗೆ ಆ ಸೌಲಭ್ಯ ಇಲ್ಲ ಎಂದರು. 671ರಿಂದ ಶುರುವಾಗುವ ಪಿನ್‌ಕೋಡ್ ಅಂದರೆ ಇವರ ಲೆಕ್ಕದಲ್ಲಿ ಕೇರಳ. ಕೇರಳ ಅಂದರೆ ಕೊಚ್ಚಿ. ಮಂಗಳೂರಲ್ಲಿ ಇದೇ ಕಂಪನಿಯ ಕಾರ್ಪೆಂಟರ್ ಇದ್ದಾನಂತೆ, ಅವನು ತಲಪಾಡಿಯ ಗಡಿ ದಾಟಿ ಬರುವ ಹಾಗಿಲ್ಲವಂತೆ. ನಮ್ಮ ಮಕ್ಕಳು ದಿನಾ ಕಾಲೇಜಿಗೆ ಹೋಗುವುದು ಮಂಗಳೂರಿಗೆ, ಹುಷಾರಿಲ್ಲದಿದ್ದರೆ ನಾವು ಓಡುವುದೂ ಮಂಗಳೂರಿಗೆ. ಕಾರ್ಪೆಂಟರಿಗೆ ಮಾತ್ರ ಅದು ಬೇರೆ ರಾಜ್ಯ. ಗಡಿಯವರು ಈ ಮಾತನ್ನು ಗ್ಯಾಸ್‌ನಿಂದ ಹಿಡಿದು ಕೊರಿಯರ್‌ವರೆಗೆ ಎಲ್ಲದರಲ್ಲೂ ಕೇಳಿ ಬೇಸತ್ತಿದ್ದೇವೆ. ಸೌಲಭ್ಯ ಇಲ್ಲದಿದ್ದರೆ ಇಲ್ಲ ಅನ್ನಲಿ, ದುಡ್ಡು ತೆಗೆದುಕೊಳ್ಳುವ ಮೊದಲು ಅನ್ನಲಿ.

ಸರಿ, ನಾವೇ ಜೋಡಿಸೋಣ ಅಂತ ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲ ಬಿಚ್ಚಿಟ್ಟೆವು. ಸ್ಕ್ರೂಗಳ ಪೊಟ್ಟಣಕ್ಕೆಲ್ಲ ನಂಬರ್ ಇತ್ತು, ಎಲ್ಲ ಎಣಿಸಿ ಪಟ್ಟಿ ಜೊತೆ ತಾಳೆ ನೋಡಿದೆವು, ಸರಿಯಾಗಿತ್ತು. ಸೂಚನಾ ಪುಸ್ತಕದಲ್ಲಿ ಮಾತಿಲ್ಲ, ಬರೀ ಚಿತ್ರ. ಚಿತ್ರ ಸ್ಪಷ್ಟವಾಗಿದ್ದರೆ ಅದೇ ಒಳ್ಳೆಯದು, ಯಾವ ಭಾಷೆಯವರಿಗೂ ಆಗುತ್ತದೆ. ಇಲ್ಲಿ ಚಿತ್ರಗಳು ಹೆಬ್ಬೆರಳಿನಷ್ಟು, ಹಲಗೆಯ ಯಾವ ಮುಖ ಮೇಲೆ ಬರಬೇಕು ಅಂತ ಕನ್ನಡಕ ಹಾಕಿದರೂ ಗೊತ್ತಾಗುವುದಿಲ್ಲ.

ನಿಜವಾದ ತೊಂದರೆ ಪಕ್ಕದ ಹಲಗೆಯಲ್ಲಿ. ಕಪಾಟಿಗೆ ಎರಡು ಪಕ್ಕದ ಹಲಗೆ ಬೇಕು, ಒಂದು ಎಡಕ್ಕೆ, ಒಂದು ಬಲಕ್ಕೆ. ತೂತುಗಳು ಒಂದರಲ್ಲಿ ಈ ಕಡೆಗಿದ್ದರೆ ಇನ್ನೊಂದರಲ್ಲಿ ಆ ಕಡೆಗೆ ಇರಬೇಕು. ನಮಗೆ ಬಂದದ್ದು ಎರಡೂ ಎಡಗಡೆಯದ್ದು. ಸ್ಟಿಕರ್ ಮಾತ್ರ ಬೇರೆ ಬೇರೆ ಅಂಟಿಸಿದ್ದಾರೆ. ಫೋಟೋ ತೆಗೆದು ಕಳಿಸಿದರೂ "ಮೇಡಂ, ಹಲಗೆ ತಿರುಗಿಸಿ ನೋಡಿ" ಎಂದರು. ತಿರುಗಿಸಿದರೆ ತೂತು ಹೊರಗೆ ಬರುತ್ತದೆ, ಲ್ಯಾಮಿನೇಟ್ ಇಲ್ಲದ ಅಂಚು ಮುಂದೆ ಬರುತ್ತದೆ. ಅದನ್ನು ಫೋನಿನಲ್ಲಿ ವಿವರಿಸಿ ವಿವರಿಸಿ ಗಂಟಲು ಒಣಗಿತು, ಪ್ರತಿ ಸಲವೂ ಹೊಸ ವ್ಯಕ್ತಿ, ಪ್ರತಿ ಸಲವೂ ಮೊದಲಿಂದ ಕಥೆ. ಅಷ್ಟೂ ದಿನ ಅರ್ಧ ಬಿಚ್ಚಿದ ಕಪಾಟು ಚಾವಡಿಯಲ್ಲಿ, ಅತ್ತೆಗೆ ನಡೆದಾಡಲು ಜಾಗ ಇಲ್ಲ, ಬಟ್ಟೆ ಎಲ್ಲ ಗೋಣಿಯಲ್ಲಿ.

ಕೊನೆಗೂ ಬಲಗಡೆಯ ಹಲಗೆ ಬಂತು. ಅದರಲ್ಲಿ ತೂತು ಎರಡು-ಮೂರು ಮಿಲಿಮೀಟರ್ ಆಚೆಗೆ ಬಿದ್ದಿತ್ತು. ಅಷ್ಟಕ್ಕೇನು ಅನ್ನಬಹುದು. ಕ್ಯಾಮ್ ಲಾಕ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಹಾಗೆ ಅನ್ನುವುದಿಲ್ಲ. ಒಂದು ಹಲಗೆಯಲ್ಲಿ ತಲೆ ಇರುವ ಬೋಲ್ಟ್ ಎದ್ದು ನಿಂತಿರುತ್ತದೆ. ಇನ್ನೊಂದರಲ್ಲಿ 15 ಮಿಲಿಮೀಟರ್ ಅಗಲದ ಗುಂಡಗಿನ ತೂತು, ಅದರೊಳಗೆ ಬಿಲ್ಲೆಯ ಹಾಗಿರುವ ಲಾಕ್. ಬೋಲ್ಟಿನ ತಲೆ ಲಾಕಿನ ಬಾಯೊಳಗೆ ಸರಿಯಾಗಿ ಕೂತರೆ ಸ್ಕ್ರೂಡ್ರೈವರಿನಲ್ಲಿ ಅರ್ಧ ಸುತ್ತು ತಿರುಗಿಸಿದರೆ ಸಾಕು, ಎರಡು ಹಲಗೆಯೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೋಲ್ಟ್ ಸ್ವಲ್ಪ ಆಚೀಚೆ ಆದರೆ ಲಾಕ್ ಸುಮ್ನೆ ತಿರುಗುತ್ತದೆ, ಹಿಡಿಯುವುದಿಲ್ಲ. ಭಾವ ಮೆಲ್ಲಗೇ ತಿರುಗಿಸಿದ್ದು, ನಾನು ಪಕ್ಕದಲ್ಲೇ ಹಲಗೆ ಹಿಡಿದು ನಿಂತಿದ್ದೆ. ಕರ್ ಅಂತ ಸದ್ದು ಬಂತು, ತೂತಿನ ಅಂಚು ಎದ್ದು ಬಂತು, ಒಳಗಿಂದ ಕಂದು ಪುಡಿ ಚಾಪೆಯ ಮೇಲೆ ಉದುರಿತು. ಬೆರಳಿನಲ್ಲಿ ಉಜ್ಜಿದರೆ ಗರಗಸದ ಹುಡಿಯೇ. 17 ಸಾವಿರ ಕೊಟ್ಟು ತಂದದ್ದು ಹಾಗೆ ಉದುರುವಾಗ ಹೊಟ್ಟೆ ಉರಿಯುತ್ತದೆ.

ಇನ್ನು ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ ಅಂತ ನಮ್ಮ ಊರಿನ ಆಚಾರಿಯನ್ನು ಕರೆಸಿದೆವು. ಅವರು ಬಂದು ಹಲಗೆಯ ಅಂಚು ತಟ್ಟಿ ನೋಡಿ, "ಅಕ್ಕಾ, ಇದು ಮರ ಅಲ್ಲ, ಹುಡಿಯನ್ನು ಗೋಂದು ಹಾಕಿ ಒತ್ತಿದ್ದು. ಸ್ಕ್ರೂ ಒಂದು ಸಲ ಹಿಡೀತದೆ, ಬಿಚ್ಚಿ ಹಾಕಿದರೆ ಮತ್ತೆ ಹಿಡಿಯುದಿಲ್ಲ" ಎಂದರು. ಒಡೆದ ತೂತುಗಳಿಗೆ ಫೆವಿಕಾಲ್ ಹಚ್ಚಿ ಮರದ ಗೂಟ ಹೊಡೆದು, ಒಣಗಲು ಬಿಟ್ಟು, ಮಾರನೇ ದಿನ ಬಂದು ಅಳತೆ ಮಾಡಿ ಹೊಸದಾಗಿ ತೂತು ಕೊರೆದರು. ಹಿಂದಿನ ತೆಳು ಹಲಗೆಗೆ ಮೊಳೆ ಹೊಡೆಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿದರು. ಎರಡು ಅಳತೆಯೂ ಒಂದೇ ಬಂದರೆ ಮಾತ್ರ ಚೌಕಟ್ಟು ನೇರ ಇದೆ ಅಂತ ಅರ್ಥ, ಇಲ್ಲದಿದ್ದರೆ ಆಮೇಲೆ ಬಾಗಿಲು ಒಂದಕ್ಕೊಂದು ತಾಗುತ್ತದೆ. ಇದು ಕಂಪನಿಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಎದ್ದು ನಿಲ್ಲಿಸಿದ ಮೇಲೆ ಮೂರು ಬಾಗಿಲೂ ಒಂದೇ ಗೆರೆಯಲ್ಲಿ ಮುಚ್ಚಿದವು. ಆಚಾರಿಗೆ 5 ಸ್ಟಾರ್.

ಈಗ ಮಳೆಯ ವಿಷಯ, ಇದು ನಮ್ಮ ಕಡೆಗೆ ಎಲ್ಲಕ್ಕಿಂತ ಮುಖ್ಯ. ಜಾಹೀರಾತಿನಲ್ಲಿ "ಎಂಜಿನಿಯರ್ಡ್ ವುಡ್" ಅಂತ ಇರುತ್ತದೆ. ಆ ಹೆಸರಿನಡಿ ಪ್ಲೈವುಡ್ಡೂ ಬರುತ್ತದೆ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಕೂಡ, ಆಚಾರಿ ಹೇಳಿದ ಹಾಗೆ ಹುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಕೂಡ. ಕಡಿಮೆ ಬೆಲೆಯ ಕಪಾಟುಗಳಲ್ಲಿ ಹೆಚ್ಚಾಗಿ ಇರುವುದು ಪಾರ್ಟಿಕಲ್ ಬೋರ್ಡ್. ಅದರಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಗೋಂದಿಗೆ ನೀರು ಆಗುವುದಿಲ್ಲ. ಹೊಸ ಕಪಾಟು ತೆರೆದಾಗ ಕಣ್ಣು ಚುರುಗುಟ್ಟುವ ವಾಸನೆಯೂ ಅದೇ ಗೋಂದಿನದ್ದು, ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಟ್ಟ ಮೇಲೆಯೇ ಬಟ್ಟೆ ಇಡಿ. ಮೇಲಿನ ಲ್ಯಾಮಿನೇಟ್ ನೀರು ತಡೆಯುತ್ತದೆ ನಿಜ, ಆದರೆ ನೀರು ಹೋಗುವುದು ಅಂಚಿನಿಂದ, ತೂತಿನಿಂದ, ಅಡಿಯಿಂದ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳ ಮಳೆಯಲ್ಲಿ ನೆಲ ಬೆವರುತ್ತದೆ, ಮುರಕಲ್ಲಿನ ಗೋಡೆ ತಣ್ಣಗೆ ಒದ್ದೆ ಹಿಡಿದಿರುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ನಮ್ಮ ಕಪಾಟಿನ ಅಡಿಯ ಅಂಚಿಗೆ ಪಟ್ಟಿಯನ್ನೇ ಅಂಟಿಸಿರಲಿಲ್ಲ, ಮುಚ್ಚದ ಅಂಚು ನೇರ ನೆಲದ ಮೇಲೆ ಕೂರುವ ಹಾಗೆ ಮಾಡಿದ್ದಾರೆ. ಒಮ್ಮೆ ಉಬ್ಬಿದರೆ ಅದು ಮತ್ತೆ ಇಳಿಯುವುದಿಲ್ಲ. ಆಚಾರಿಯೇ ಅಂಚಿಗೆ ಎರಡು ಕೈ ವಾರ್ನಿಷ್ ಹೊಡೆದು, ಅಡಿಗೆ ರಬ್ಬರ್ ಗುಂಡಿ ಇಟ್ಟು, ಗೋಡೆಯಿಂದ ಮೂರು ಬೆರಳು ಬಿಟ್ಟು ನಿಲ್ಲಿಸಿದರು. ಮಗುಚದ ಹಾಗೆ ಮೇಲ್ಗಡೆ ಗೋಡೆಗೆ ಪಟ್ಟಿ ಹಾಕಿಸಿದ್ದೇವೆ. ಸಣ್ಣ ಮಕ್ಕಳಿರುವ ಮನೆಯವರು ಇದನ್ನು ಬಿಡಲೇಬೇಡಿ.

ನೀವು ತರಿಸುವುದೇ ಆದರೆ ವಸ್ತುವಿನ ವಿವರ ಇರುವ ಜಾಗದಲ್ಲಿ ಐಎಸ್ ನಂಬರ್, ಅಂದರೆ ಭಾರತೀಯ ಮಾನಕದ ನಂಬರ್ ಹುಡುಕಿ. 12823 ಅಂದರೆ ಲ್ಯಾಮಿನೇಟ್ ಮಾಡಿದ ಪಾರ್ಟಿಕಲ್ ಬೋರ್ಡ್. 303 ಅಂದರೆ ಸಾಧಾರಣ ಪ್ಲೈವುಡ್, 710 ಅಂದರೆ ನೀರಿಗೆ ತಡೆಯುವ ಮರೀನ್ ಪ್ಲೈವುಡ್. ನೆಲಕ್ಕೆ ತಾಗುವ ಸಾಮಾನು, ಅಡುಗೆಮನೆಯ ಸಾಮಾನು ಆದರೆ ದುಡ್ಡು ಜಾಸ್ತಿ ಆದರೂ 710 ನೋಡಿ. ನಂಬರೇ ಹಾಕದಿದ್ದರೆ ಕೇಳಿ, ಉತ್ತರ ಬಾರದಿದ್ದರೆ ಬಿಟ್ಟುಬಿಡಿ. ಕೈಯಲ್ಲಿ ಮುಟ್ಟಿ ನೋಡಿ ತೆಗೆದುಕೊಳ್ಳುವ ಆಸೆ ಇದ್ದರೆ ಬೆಂಗಳೂರಿಗೆ ಹೋದಾಗ ನಾಗಸಂದ್ರದ ಐಕಿಯಾ ಅಂಗಡಿಗೆ ಹೋಗಬಹುದು, 2022ರಲ್ಲಿ ಶುರುವಾಗಿದೆ, ಎಲ್ಲ ಜೋಡಿಸಿ ಇಟ್ಟಿರುತ್ತಾರೆ. ಅಲ್ಲಿಂದ ಹೊತ್ತು ತರುವ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ.

ನಮ್ಮ ದೂರಿನ ಬಗ್ಗೆ ಹೇಳುತ್ತೇನೆ. ಕೆಟ್ಟ ಹಲಗೆ ಬಂದದ್ದಕ್ಕೆ, ಆಚಾರಿಗೆ ಕೊಟ್ಟ ಕೂಲಿಗೆ ಪರಿಹಾರ ಕೇಳಿದೆವು. ಪೂರ್ತಿ ಬಿಚ್ಚಿ ಮೊದಲಿನ ಪೆಟ್ಟಿಗೆಯಲ್ಲೇ ತುಂಬಿಸಿ ಕೊಟ್ಟರೆ ನೋಡುತ್ತೇವೆ ಎಂದರು. ಬಿಚ್ಚಿದರೆ ಸ್ಕ್ರೂ ಮತ್ತೆ ಹಿಡಿಯದ ಸಾಮಾನು ಅದು, ಅವರಿಗೂ ಗೊತ್ತು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕೆಟ್ಟ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದನ್ನು ಬರೆದು ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿದ ಮೇಲೆ ಮಾತಿನ ಧಾಟಿ ಬದಲಾಯಿತು. ಜೊತೆಗೆ 1915ಕ್ಕೆ ಫೋನ್ ಮಾಡಿದೆ, ಗ್ರಾಹಕರ ಸಹಾಯವಾಣಿ ಅದು, 17 ಭಾಷೆಯಲ್ಲಿ ಇದೆ, ಕನ್ನಡವೂ ಉಂಟು. ಕಾಸರಗೋಡಿನಲ್ಲಿ ಕೂತು ಕನ್ನಡದಲ್ಲೇ ದೂರು ಹೇಳಿದಾಗ ಮನಸ್ಸು ಹಗುರಾಯಿತು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಕಂಪನಿ ಇರುವ ಊರಿಗೆ ಓಡಬೇಕಾಗಿಲ್ಲ. ಹಾಗಾಗಿ ಬಿಲ್ಲು, ಪೆಟ್ಟಿಗೆಯ ಮೇಲಿನ ಸ್ಟಿಕರ್, ಬಿಚ್ಚುವಾಗಿನ ವಿಡಿಯೊ ಯಾವುದನ್ನೂ ಬಿಸಾಡಬೇಡಿ. ಎರಡು ಎಡಗಡೆಯ ಹಲಗೆ ಪಕ್ಕಪಕ್ಕ ಇಟ್ಟು ತೆಗೆದ ಫೋಟೋ ನಮಗೆ ಈಗ ದೊಡ್ಡ ಆಧಾರ.

ಸದ್ಯಕ್ಕೆ ಕೂಲಿಯ ದುಡ್ಡು ವಾಪಸ್ ಕೊಡುತ್ತೇವೆ ಎಂದಿದ್ದಾರೆ, ಬಂದಿಲ್ಲ. ಬಂದರೆ ಇಲ್ಲೇ ತಿದ್ದಿ ಬರೆಯುತ್ತೇನೆ, ಆದರೆ ಸ್ಟಾರ್ ಏರಿಸುವುದಿಲ್ಲ.